ಅಪ್‌ಡೇಟ್: ಸಣ್ಣ ಸಿಮೆಂಟ್ ಕಂಪನಿಯ ಶೇರು ಇಟ್ಟುಕೊಳ್ಳಲಾ, ಮಾರಲಾ?

ಕಲಬುರಗಿಯಿಂದ ಕೇಳಿದ್ದವನು ನಾನೇ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಹಾಗಾದರೆ ನನ್ನ ಹತ್ತಿರ ಇರುವ ಸಣ್ಣ ಕಂಪನಿಯ ಶೇರು ಏರಬೇಕಲ್ವಾ ಎಂದಿದ್ದೆ. ನೀವು ಹೇಳಿದಂತೆ ಕಂಪನಿಯ ವರದಿಗಳನ್ನು ಕೂತು ಓದಿದೆ.

ತೆರಿಗೆ ಇಳಿದರೆ ಮೊದಲು ಉಳಿಯುವುದು ಮನೆ ಕಟ್ಟುವವರ ದುಡ್ಡು. ಕಂಪನಿಗೆ ಲಾಭ ಬರಬೇಕಾದರೆ ಮಾರಾಟ ಹೆಚ್ಚಬೇಕು, ಖರ್ಚು ಹಿಡಿತದಲ್ಲಿರಬೇಕು. ಖರ್ಚೇ ಇಲ್ಲಿ ತಲೆನೋವು. ಒಂದು ಟನ್ ಕ್ಲಿಂಕರ್‌ಗೆ (ಸುಣ್ಣದಕಲ್ಲು ಸುಟ್ಟು ಮಾಡುವ ಗಟ್ಟಿ ಉಂಡೆ, ಇದನ್ನು ಅರೆದರೇ ಸಿಮೆಂಟ್) ಸುಮಾರು ಒಂದೂವರೆ ಟನ್ ಸುಣ್ಣದಕಲ್ಲು ಬೇಕು, ಗೂಡು 1450 ಡಿಗ್ರಿಯಷ್ಟು ಕಾಯಬೇಕು. ನಮ್ಮ ವಾಡಿ, ಸೇಡಂ, ಮಳಖೇಡದ ದೊಡ್ಡ ಕಾರ್ಖಾನೆಗಳಿಗೆ ಕಲ್ಲು ಪಕ್ಕದಲ್ಲೇ ಸಿಗುತ್ತದೆ. ನನ್ನ ಕಂಪನಿಗೆ ಗಣಿಯೇ ಇಲ್ಲ, ಬೇರೆಯವರಿಂದ ಕ್ಲಿಂಕರ್ ಕೊಂಡು ಅರೆಯುತ್ತದೆ ಅಷ್ಟೇ. ದೊಡ್ಡವರು ದರ ಇಳಿಸಿದರೆ ಇದು ಎಷ್ಟು ದಿನ ತಡೆದೀತು?

ಲಾರಿ ಇಟ್ಟಿರುವ ನಮ್ಮ ಭಾವ, "ಲೋಡ್ ಭಾರಿ ಅದ, ಸುಮ್ನೆ ಇಟ್ಕೋ" ಅಂತಾರೆ. ಯಾರ ಲೋಡ್ ಅಂತ ಕೇಳಿದರೆ, ಆ ದೊಡ್ಡವರದ್ದೇ!

ಪ್ರವರ್ತಕರು, ಅಂದರೆ ಕಂಪನಿ ನಡೆಸುವ ಮುಖ್ಯ ಮಾಲೀಕರು, ಸಾಲಕ್ಕೆ ಅಡವಿಟ್ಟ ಶೇರು ಕೂಡ ಜಾಸ್ತಿಯಾಗಿದೆ. ಹಾಗಾಗಿ ಅರ್ಧ ಮಾರಿದೆ. ಉಳಿದದ್ದು ಮುಂದಿನ ಫಲಿತಾಂಶದವರೆಗೆ. ಟನ್ನಿಗೆ ಸಿಗುವ ಲಾಭ ಏರದಿದ್ದರೆ ಅದನ್ನೂ ಮಾರುತ್ತೇನೆ.