ಕರ್ನಲ್‌ಗೆ ತಗುಲುವ ‘ಟೇಂಟ್’ ಕನ್ನಡದಲ್ಲಿ ಏನು?

ಗೆಳೆಯರೇ,

ಲಿನಕ್ಸ್ ಕರ್ನಲ್‌ಗೆ (ಇಡೀ ಕಂಪ್ಯೂಟರನ್ನು ನಡೆಸುವ ತಿರುಳು ತಂತ್ರಾಂಶಕ್ಕೆ) ಮೊದಲ ಬಾರಿ ಮಾಡ್ಯೂಲ್ (ಬೇಕಾದಾಗ ಅದಕ್ಕೆ ಸೇರಿಸಿ ತೆಗೆಯಬಹುದಾದ ಕೋಡಿನ ತುಣುಕು) ಬರೆಯುವವರಿಗಾಗಿ ಕನ್ನಡದಲ್ಲಿ ಒಂದು ಕಿರುಪಾಠ ಸಿದ್ಧಪಡಿಸುತ್ತಿದ್ದೇನೆ. ಹತ್ತಿಪ್ಪತ್ತು ಸಾಲಿನ ಸಿ ಕೋಡ್, ಅದನ್ನು ಕಟ್ಟುವ ಬಗೆ ಹೇಳುವ ಒಂದು ಮೇಕ್‌ಫೈಲ್, ಕೊನೆಗೆ ‘ಕೆಒ’ ಎಂಬ ಬಾಲವಿರುವ ಕಡತ. ಪಾಠ ಅಷ್ಟೇ, ಪದಗಳ ತಂಟೆ ಮಾತ್ರ ಮುಗಿಯುತ್ತಿಲ್ಲ.

ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ‘ಕಂಪೈಲ್’ ಹಾಗೆಯೇ ಇರಲಿ ಎಂದುಕೊಂಡೆ. ‘ಸಂಕಲನ’ ಎಂದರೆ ಕೂಡುವ ಲೆಕ್ಕವೋ ಕವಿತೆಗಳ ಪುಸ್ತಕವೋ ಕಣ್ಣಮುಂದೆ ಬರುತ್ತದೆ.

‘ಲೋಡ್’ ಪದಕ್ಕೆ ‘ಹೇರು’ ಸರಿಹೋಗಲಿಲ್ಲ. ಹೇರಿದ ಮೂಟೆ ಬಂಡಿಯ ಮೇಲೆ ಬೇರೆಯಾಗಿಯೇ ಕುಳಿತಿರುತ್ತದೆ. ಮಾಡ್ಯೂಲ್ ಹಾಗಲ್ಲ: ಲೋಡ್ ಮಾಡುವ ‘ಇನ್ಸ್‌ಮಾಡ್’ ಆಜ್ಞೆ ಕೊಟ್ಟ ಮೇಲೆ ಅದು ಕರ್ನಲ್‌ನದೇ ಮೆಮೊರಿಯಲ್ಲಿ, ಕರ್ನಲ್‌ನದೇ ಅಧಿಕಾರದಲ್ಲಿ ಓಡುತ್ತದೆ, ಅದರ ಒಂದು ತಪ್ಪು ಇಡೀ ಯಂತ್ರವನ್ನು ನಿಲ್ಲಿಸಬಲ್ಲದು. ‘ಬೆರೆಸು’ ಎನ್ನೋಣವೆಂದರೆ ಬೆರೆಸಿದ್ದನ್ನು ಮರಳಿ ತೆಗೆಯಲಾಗದು. ಉಂಗುರದಲ್ಲಿ ಹರಳು ಕೂರಿಸುವ ‘ಕೂರಿಸು’ ಹಿಡಿಸಿತ್ತು, ಆದರೆ ಅದರ ಎದುರುಪದ ‘ಎಬ್ಬಿಸು’ ಆದೀತು. ಕರ್ನಲ್‌ನಲ್ಲಿ ಮಲಗಿದ (ಕಾಯುತ್ತಾ ನಿಂತ) ಪ್ರಕ್ರಿಯೆಗಳನ್ನು ಎಬ್ಬಿಸುವ ಕೆಲಸ ಬೇರೆಯೇ ಇದೆ! ಸದ್ಯಕ್ಕೆ ‘ತೊಡಿಸು, ಕಳಚು’ ಜೋಡಿಯಲ್ಲಿ ನಿಂತಿದ್ದೇನೆ. “ಬಳಕೆಯಲ್ಲಿರುವ ಮಾಡ್ಯೂಲನ್ನು ಕಳಚಲಾಗದು” ಎಂಬ ವಾಕ್ಯ ಸಲೀಸಾಗಿ ಬಂತು.

ನಿಜವಾಗಿ ಸಿಕ್ಕಿಬಿದ್ದಿರುವುದು ‘ಟೇಂಟ್’ ಬಳಿ. ಕರ್ನಲ್‌ನ ಮೂಲ ಕೋಡಿನ ಹೊರಗೆ ಕಟ್ಟಿದ ಮಾಡ್ಯೂಲನ್ನು ತೊಡಿಸಿದರೆ ಕರ್ನಲ್ ‘ಟೇಂಟ್’ ಆಯಿತೆಂಬ ಸಾಲು ಕರ್ನಲ್‌ನ ದಾಖಲೆಯಲ್ಲಿ (ಲಾಗ್) ಬೀಳುತ್ತದೆ. ಹೊಸಬರು ಯಂತ್ರವೇ ಕೆಟ್ಟಿತೆಂದು ಹೆದರುತ್ತಾರೆ. ಕೆಟ್ಟಿರುವುದೇನೂ ಇಲ್ಲ. ಮುಂದೆ ದೋಷ ಕಂಡರೆ, ಹೊರಗಿನ ಕೋಡ್ ಸೇರಿತ್ತು ಎಂದು ವರದಿ ಓದುವವರಿಗೆ ತಿಳಿಯಲಿ ಎಂದು ಇಟ್ಟ ಸೂಚನೆ ಅದು. ಮಾಡ್ಯೂಲ್ ಕಳಚಿದರೂ ಹೋಗದು, ಯಂತ್ರವನ್ನು ಮತ್ತೆ ಆರಂಭಿಸಿದರೆ ಹೋಗುತ್ತದೆ.

‘ಕಳಂಕ’ದಲ್ಲಿ ಅಪವಾದದ ವಾಸನೆಯಿದೆ. ‘ಕಲುಷಿತ’ ಎಂದರೆ ಕುಡಿಯಬಾರದ ನೀರು. ‘ಸೋಂಕು’ ಹಳೆಯ ಅರ್ಥದಲ್ಲಿ ಬರೀ ಸ್ಪರ್ಶ, ಅಳತೆ ತೆಗೆದು ಹೊಲಿದಂತಿದೆ. ಆದರೆ ಇಂದು ಕಂಪ್ಯೂಟರಿಗೆ ಸೋಂಕು ಎಂದೊಡನೆ ಓದುಗ ವೈರಸ್ ಹುಡುಕಲು ಹೊರಡುತ್ತಾನೆ. ಎಲ್ಲಕ್ಕಿಂತ ಹತ್ತಿರದ ಪದ ‘ಮೈಲಿಗೆ’: ವಸ್ತು ಬದಲಾಗದು, ಅದರ ಸ್ಥಿತಿಯಷ್ಟೇ ಬದಲಾಗುತ್ತದೆ, ಮಿಂದರೆ ಕಳೆಯುತ್ತದೆ. ಆದರೆ ಮನುಷ್ಯರನ್ನು ದೂರವಿಡಲು ಬಳಸಿದ ಪದವನ್ನು ಪಾಠದೊಳಗೆ ತರಲು ನನಗೆ ಮನಸ್ಸಿಲ್ಲ. ಕಲೆಗೆ ‘ಕರೆ’ ಎಂಬ ಹಳೆಯ ಪದವೂ ಇದೆ, ಆದರೆ ಪ್ರೋಗ್ರಾಂ ಕರ್ನಲ್‌ನಿಂದ ಕೆಲಸ ಕೇಳುವ ‘ಸಿಸ್ಟಂ ಕರೆ’ (ಸಿಸ್ಟಂ ಕಾಲ್) ಆಗಲೇ ಆ ಜಾಗ ಹಿಡಿದಿದೆ.

ಉಳಿದವು ಎರಡು: “ಕರ್ನಲ್‌ಗೆ ಕಲೆ ತಗುಲಿದೆ”, “ಕರ್ನಲ್‌ಗೆ ಹೊರಗುರುತು ಬಿದ್ದಿದೆ”. ಎರಡನೆಯದು ನಾನೇ ಕಟ್ಟಿದ್ದು. ಅರ್ಥ ಸರಿಯಿದ್ದರೂ ಎಚ್ಚರಿಕೆಯ ಖಾರ ಕಡಿಮೆಯಾಯಿತೇನೋ. ಮೊದಲ ಓದಿಗೆ ನಿಮ್ಮ ಕಿವಿಗೆ ಯಾವುದು ಒಪ್ಪುತ್ತದೆ? ಇವೆರಡನ್ನೂ ಬದಿಗೆ ಸರಿಸುವ ಪದ ನಿಮ್ಮಲ್ಲಿದ್ದರೆ ಇನ್ನೂ ಸಂತೋಷ.