ದಡಕ್ಕೆ ಬಂದ ನೀಲಿ ಬಲೂನು: ಒಂದು ಜೀವವೋ, ಹಲವು ಜೀವವೋ?

ಪ್ರಶ್ನೆ: ಮೇಡಂ, ನಾವು ಮುಂಬೈನಲ್ಲಿರುವವರು. ಮೊನ್ನೆ ಮಳೆ ಬಿಟ್ಟಾಗ ಜುಹು ಬೀಚಿಗೆ ಹೋಗಿದ್ದೆವು. ಮರಳಿನ ಮೇಲೆ ನೀಲಿ ಬಣ್ಣದ ಪುಟ್ಟ ಬಲೂನುಗಳು ಬಿದ್ದಿದ್ದವು, ಒಂದೊಂದಕ್ಕೂ ಉದ್ದನೆಯ ನೂಲು. ಮಗಳು ಕೈ ಹಾಕುವಷ್ಟರಲ್ಲಿ ಎಳೆದುಕೊಂಡೆ. ಪಕ್ಕದಲ್ಲಿದ್ದವರು ‘ಬ್ಲೂ ಬಾಟಲ್, ಜೆಲ್ಲಿಫಿಶ್ ಜಾತಿ’ ಅಂದರು. ಮನೆಗೆ ಬಂದು ಓದಿದರೆ, ಇದು ಜೆಲ್ಲಿಫಿಶ್ ಅಲ್ಲ, ತುಂಬಾ ಪ್ರಾಣಿಗಳ ಕಾಲೊನಿ ಅಂತಿದೆ. ‘ಹಾಗಾದ್ರೆ ಅವೆಲ್ಲ ಯಾವಾಗ ಬಂದು ಸೇರ್ಕೊಂಡ್ವು?’ ಅಂತ ಮಗಳು ಕೇಳುತ್ತಿದ್ದಾಳೆ. ಏನು ಹೇಳಲಿ?

ಉತ್ತರ: ಎಷ್ಟು ಒಳ್ಳೆ ಪ್ರಶ್ನೆ! ಅವು ಎಲ್ಲಿಂದಲೂ ಬಂದು ಸೇರಿಕೊಂಡಿಲ್ಲ ಅಂತ ಹೇಳಿ. ಶುರುವಾಗುವುದು ಒಂದೇ ಮೊಟ್ಟೆಯಿಂದ. ಮರಿಗೆ ಮೊದಲು ಒಂದು ಸಣ್ಣ ಬಲೂನು, ಒಂದು ಬಾಯಿ ಇರುತ್ತವೆ. ಆಮೇಲೆ ಬಾಳೆಯ ಬುಡದಲ್ಲಿ ಕಂದು ಒಡೆಯುವ ಹಾಗೆ ಒಂದರ ಪಕ್ಕ ಒಂದು ಹುಟ್ಟುತ್ತಾ ಹೋಗುತ್ತವೆ. ಬಾಳೆ ಕಂದನ್ನು ಕಿತ್ತು ಬೇರೆ ಕಡೆ ನೆಡಬಹುದು. ಇವನ್ನು ಬೇರೆ ಮಾಡಿದರೆ ಬದುಕುವುದಿಲ್ಲ.

ಹೀಗೆ ಹುಟ್ಟಿದ ಒಂದೊಂದಕ್ಕೂ ಜೋವಾಯ್ಡ್ ಅಂತ ಹೆಸರು. ಪಾಠದಲ್ಲಿ ಓದಿದ ಹೈಡ್ರಾ ನೆನಪಿದೆಯಾ? ಕೊಳದಲ್ಲಿ ಒಂಟಿಯಾಗಿ ಬದುಕುತ್ತದಲ್ಲ, ಅದರ ನೆಂಟರು ಇವು. ಹೈಡ್ರಾ ಬೇಟೆ, ಊಟ, ಸಂತಾನ ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ. ಇಲ್ಲಿ ಕೆಲಸ ಹಂಚಿಕೆಯಾಗಿದೆ. ಕೆಲವು ಬರೀ ಕುಟುಕುತ್ತವೆ, ಕೆಲವು ಬರೀ ತಿನ್ನುತ್ತವೆ, ಇನ್ನು ಕೆಲವಕ್ಕೆ ಸಂತಾನದ ಕೆಲಸ. ನೂಲಿಗೆ ಸಿಕ್ಕಿದ ಮೀನನ್ನು ಮೇಲಕ್ಕೆಳೆದರೆ ಹತ್ತಾರು ಬಾಯಿಗಳು ಅದಕ್ಕೆ ಅಂಟಿಕೊಂಡು ಕರಗಿಸುತ್ತವೆ. ಕರಗಿದ ರಸ ಒಳಗಿನ ಒಂದೇ ಕುಹರದ ಮೂಲಕ ಎಲ್ಲರಿಗೂ ಸೇರುತ್ತದೆ. ತಿನ್ನದವರಿಗೂ ಊಟ ಸಿಗುತ್ತದೆ, ಅಲ್ವಾ? ಹಾಗಾಗಿ ಮೈಕಟ್ಟು ನೋಡಿದರೆ ಹಲವು ಪ್ರಾಣಿ, ಬದುಕು ನೋಡಿದರೆ ಒಂದೇ. ಮಗಳಿಗೆ ಎರಡನ್ನೂ ಹೇಳಿ. ಒಂದನ್ನೇ ಆರಿಸಿಕೊಳ್ಳಬೇಕೆಂದು ನನಗೂ ಅನ್ನಿಸಿಲ್ಲ.

ಇದರ ಕುಲದ ಹೆಸರು ಫೈಸೇಲಿಯಾ. ಅಟ್ಲಾಂಟಿಕ್‌ನಲ್ಲಿ ಸಿಗುವುದು ದೊಡ್ಡದು, ಬಲೂನೇ 30 ಸೆಂ.ಮೀ. ಆಗಬಹುದು, ನೂಲು 30 ಮೀಟರ್‌ವರೆಗೆ ಚಾಚಬಹುದು. ಹಳೇ ಹಾಯಿಹಡಗನ್ನು ನೆನೆದು ಅದನ್ನು ‘ಪೋರ್ಚುಗೀಸ್ ಮ್ಯಾನ್ ಆಫ್ ವಾರ್’ ಅಂತ ಕರೆದರು. ಇಡೀ ಲೋಕದಲ್ಲಿ ಇರುವುದು ಒಂದೇ ಪ್ರಭೇದ ಅಂತ ಬಹಳ ಕಾಲ ನಂಬಿದ್ದರು. 2025ರಲ್ಲಿ ಜೀನ್‌ಗಳನ್ನು ಹೋಲಿಸಿ ನೋಡಿದಾಗ ಕನಿಷ್ಠ ನಾಲ್ಕು ಅಂತ ಗೊತ್ತಾಯಿತು.

ಇನ್ನೊಬ್ಬರ ಪ್ರಶ್ನೆ: ದಡದಲ್ಲಿ ಸತ್ತು ಬಿದ್ದದ್ದೂ ಕುಟುಕುತ್ತಾ ಮೇಡಂ?

ಉತ್ತರ: ಕುಟುಕುತ್ತದೆ. ತುಂಡಾದ ನೂಲೂ ಕುಟುಕುತ್ತದೆ. ನೂಲಿನ ಒಂದೊಂದು ಕುಟುಕು ಕೋಶದೊಳಗೂ ಸುರುಳಿ ಸುತ್ತಿದ ಪುಟ್ಟ ಮುಳ್ಳಿನ ದಾರವಿದೆ. ಏನಾದರೂ ತಾಗಿದರೆ ಸಾಕು, ಅದು ಚಿಮ್ಮಿ ಚುಚ್ಚಿ ವಿಷ ಬಿಡುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಗ್ಲಾಕಸ್ ಅನ್ನುವ, ಚಿಪ್ಪಿಲ್ಲದ ನೀಲಿ ಕಡಲ ಬಸವನಹುಳು ಫೈಸೇಲಿಯಾವನ್ನು ತಿಂದು, ಆ ಕೋಶಗಳನ್ನು ಕೆಡಿಸದೆ ತನ್ನ ಮೈಯಲ್ಲೇ ಇಟ್ಟುಕೊಂಡು ತಾನೂ ಕುಟುಕುತ್ತದೆ! ದಡದಲ್ಲಿ ಅದನ್ನೂ ಮುಟ್ಟಬೇಡಿ.

ಪ್ರಶ್ನೆ: ಕುಟುಕಿದರೆ ಏನು ಮಾಡಬೇಕು? ಉಚ್ಚೆ ಹಾಕಿ ಅನ್ನುತ್ತಾರಲ್ಲ.

ಉತ್ತರ: ಖಂಡಿತ ಬೇಡ. ಮರಳಿನಿಂದ ಉಜ್ಜುವುದೂ ಬೇಡ, ಉಳಿದ ಕೋಶಗಳೂ ಸಿಡಿಯುತ್ತವೆ. ಅಂಟಿದ ನೂಲನ್ನು ಕೈಗವಸು ಹಾಕಿ ಇಲ್ಲವೇ ಕಡ್ಡಿಯಿಂದ ತೆಗೆಯಿರಿ, ಸಮುದ್ರದ ನೀರಲ್ಲೇ ತೊಳೆಯಿರಿ. ಆಮೇಲೆ ತಡೆದುಕೊಳ್ಳುವಷ್ಟು ಬಿಸಿ ನೀರು, ಸುಮಾರು 45 ಡಿಗ್ರಿ, 20 ನಿಮಿಷ. ಸುಡದಂತೆ ದೊಡ್ಡವರು ಮೊದಲು ಮುಟ್ಟಿ ನೋಡಿ. ಆಸ್ಟ್ರೇಲಿಯಾದಲ್ಲಿ 96 ಜನರ ಮೇಲೆ ಪರೀಕ್ಷೆ ಮಾಡಿದಾಗ ಐಸ್‌ಗಿಂತ ಬಿಸಿನೀರೇ ಜಾಸ್ತಿ ಜನರ ನೋವು ಇಳಿಸಿತು. ವಿನೆಗರ್ ಬಗ್ಗೆ ಸಂಶೋಧಕರಲ್ಲೇ ಒಮ್ಮತ ಇಲ್ಲ, ನೀವು ಬಿಸಿನೀರನ್ನೇ ನಂಬಿ.

ಉಸಿರು ಕಟ್ಟಿದರೆ, ಮುಖ ಊದಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ. ಇಂಥ ತೀವ್ರ ಅಲರ್ಜಿ ಪತ್ತೆಯಾದ ಕಥೆಯೂ ಈ ಜೀವಿಯಿಂದಲೇ ಶುರುವಾಯಿತು. 1901ರಲ್ಲಿ ಮೊನಾಕೊದ ರಾಜಕುಮಾರನ ಹಡಗಿನಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಶಾರ್ಲ್ ರಿಶೆ, ಪಾಲ್ ಪೋರ್ತಿಯೆ ಫೈಸೇಲಿಯಾದ ವಿಷ ಪರೀಕ್ಷಿಸಿದರು. ಊರಿಗೆ ಮರಳಿ ಕಡಲ ಹೂವು (ಸೀ ಅನಿಮೋನಿ) ಅನ್ನುವ ಪ್ರಾಣಿಯ ವಿಷದ ಮೇಲೆ ಅದೇ ಕೆಲಸ ಮುಂದುವರಿಸಿದಾಗ, ಎರಡನೇ ಸಲದ ಸಣ್ಣ ಪ್ರಮಾಣವೇ ನಾಯಿಯನ್ನು ಕೊಂದಿತು. ಈ ತೀವ್ರ ಅಲರ್ಜಿಗೇ ಅನಾಫಿಲಾಕ್ಸಿಸ್ ಅಂತ ಹೆಸರು. ಆ ಕೆಲಸಕ್ಕೆ ರಿಶೆಗೆ 1913ರ ನೊಬೆಲ್ ಬಂತು.

ಮೊದಲ ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಮತ್ತೆ ಹೋದಾಗ ಮಗಳಿಗೆ ದೂರದಿಂದ ಏನು ತೋರಿಸಲಿ?

ಉತ್ತರ: ಬಲೂನಿನ ಮೇಲಿನ ಹಾಯಿ ತೋರಿಸಿ. ಕೆಲವದು ಎಡಕ್ಕೆ ವಾಲಿರುತ್ತದೆ, ಕೆಲವದು ಬಲಕ್ಕೆ. ಒಂದೇ ಗಾಳಿಗೆ ಎರಡೂ ಬೇರೆ ಬೇರೆ ದಿಕ್ಕು ಹಿಡಿಯುತ್ತವೆ. ದಡಕ್ಕೆ ಬಿದ್ದವೆಲ್ಲ ಒಂದೇ ಕಡೆ ವಾಲಿವೆಯಾ ಅಂತ ಮಗಳು ಎಣಿಸಲಿ. ಲೆಕ್ಕ ಇಲ್ಲೇ ಹಾಕಿ, ನನಗೂ ನೋಡುವಾಸೆ.