ಮಳಿಗೆ ಆರಂಭದ ಸುದ್ದಿ ಪತ್ರಿಕೆಗೆ ಬರೆದುಕೊಡುವುದು ಹೇಗೆ?

(ಪ್ರಶ್ನೆ, ಉತ್ತರಗಳ ಮೇಲಿರುವುದು ಬರೆದವರು ಇಟ್ಟುಕೊಂಡ ಹೆಸರು.)

ಗಾಣದಮನೆ, ತಿಪಟೂರು

ನಮ್ಮದು ತಿಪಟೂರಿನ ಉಂಡೆ ಕೊಬ್ಬರಿಯಿಂದ ಮರದ ಗಾಣದಲ್ಲಿ ಎಣ್ಣೆ ತೆಗೆಯುವ ಸಣ್ಣ ಘಟಕ. ಮುಂದಿನ ತಿಂಗಳು ತುಮಕೂರಿನಲ್ಲಿ ಮಳಿಗೆ ತೆರೆಯುತ್ತೇವೆ. ಪತ್ರಿಕಾ ಪ್ರಕಟಣೆ ಬರೆದಾಗಿದೆ, ಒಂದೂವರೆ ಪುಟ. ಮೊದಲ ಸಾಲು ಇದು: “ಅತ್ಯುತ್ತಮ ಗುಣಮಟ್ಟದ, ಶೇ 100ರಷ್ಟು ಶುದ್ಧ, ಮಧುಮೇಹ ನಿಯಂತ್ರಿಸುವ ಗಾಣದ ಎಣ್ಣೆಯನ್ನು ನಾಡಿನ ಜನತೆಗೆ ಅರ್ಪಿಸಲು ನಮ್ಮ ಸಂಸ್ಥೆ ಹರ್ಷಿಸುತ್ತದೆ.” ಏನು ತಿದ್ದಬೇಕು? ಯಾವಾಗ ಕಳಿಸಬೇಕು?

ಜಿಲ್ಲಾಪುಟ

ಆ ಸಾಲಿನಲ್ಲಿ ಊರಿಲ್ಲ, ದಿನವಿಲ್ಲ, ಹೊಸದೇನು ಎಂಬುದೂ ಇಲ್ಲ. ಬರೀ ಹೊಗಳಿಕೆ ಕಂಡ ಉಪಸಂಪಾದಕರು ಜಾಹೀರಾತು ವಿಭಾಗದ ಕಡೆ ಕೈ ತೋರಿಸುತ್ತಾರೆ.

ನಿಮ್ಮ ಸುದ್ದಿ ಇರುವುದು ‘ಉಂಡೆ ಕೊಬ್ಬರಿ’ಯಲ್ಲಿ. ಎಣ್ಣೆಗೆ ಸಾಮಾನ್ಯವಾಗಿ ಹೋಗುವುದು ಕಾಯಿ ಒಡೆದು ಒಣಗಿಸಿದ ಹೋಳು. ತಿಪಟೂರಿನ ಉಂಡೆ ಹಾಗಲ್ಲ. ಇಡೀ ಕಾಯಿ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಕುಳಿತು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನುವ ಹೊತ್ತಿಗೆ ಸಿದ್ಧವಾಗುವಂಥದ್ದು. ಅದು ತಿನ್ನಲೆಂದೇ ಹೆಚ್ಚು ಮಾರಾಟವಾಗುತ್ತದೆ. ಅದನ್ನು ಗಾಣಕ್ಕೆ ಏಕೆ ಹಾಕುತ್ತೀರಿ? ಸಣ್ಣ ಗಾತ್ರದ್ದೇ, ಒಡೆದದ್ದೇ? ಯಾವ ಹೋಬಳಿಯ ರೈತರದು? ನೂರು ಕೆ.ಜಿ.ಗೆ ಎಷ್ಟು ಎಣ್ಣೆ ಇಳಿಯುತ್ತದೆ? ವರದಿಗಾರರು ಕೇಳುವುದು ಇದನ್ನೇ. ನೀವೇ ಮೊದಲು ಬರೆದುಬಿಡಿ.

ಆರಂಭ ಹೀಗಿರಲಿ: “ತುಮಕೂರು: ತಿಪಟೂರಿನ ಉಂಡೆ ಕೊಬ್ಬರಿಯಿಂದ ಮರದ ಗಾಣದಲ್ಲಿ ತೆಗೆದ ಎಣ್ಣೆಯ ಮಳಿಗೆ ನಗರದ ಇಂಥ ರಸ್ತೆಯಲ್ಲಿ ಇಂಥ ತಾರೀಕು, ಭಾನುವಾರ ಬೆಳಿಗ್ಗೆ 10.30ಕ್ಕೆ ಆರಂಭವಾಗಲಿದೆ. ಗ್ರಾಹಕರು ತಂದ ಕೊಬ್ಬರಿಯಿಂದಲೂ ಎಣ್ಣೆ ತೆಗೆದುಕೊಡಲಾಗುತ್ತದೆ.” ಎರಡನೇ ವಾಕ್ಯ ನಿಜವಾಗಿದ್ದರೆ ಮಾತ್ರ ಇಡಿ. ನಿಜವಾಗಿದ್ದರೆ ಓದುಗರು ಕತ್ತರಿಸಿ ಇಟ್ಟುಕೊಳ್ಳುವುದು ಅದನ್ನೇ.

ಒಟ್ಟು 150ರಿಂದ 200 ಪದ ಸಾಕು. ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಕೆಳಗಿನಿಂದ. ವಿಳಾಸ, ಸಮಯವನ್ನು ಕೊನೆಗೆ ತಳ್ಳಿದರೆ ಹೋಗುವುದು ಅವೇ. ಅತಿಥಿಗಳ ಪಟ್ಟಿಯನ್ನು ಕೊನೆಗೆ ಹಾಕಿ, ಹೋದರೆ ಹೋಗಲಿ. ಮಾಲೀಕರ ಮಾತು ಒಂದೇ ಇರಲಿ. ಅದರಲ್ಲಿ ‘ಸಂತಸವಾಗಿದೆ’ ಬೇಡ, ರೈತರಿಗೆ ಕೊಡುವ ದರದಂಥ ಖಚಿತ ಸಂಗತಿ ಬೇಕು.

ಅಕ್ಷರಜೋಡಣೆ

ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸುವುದಾದರೆ ಯೂನಿಕೋಡ್ (ಯಾವ ಮೊಬೈಲು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆ) ಎಂದು ಒತ್ತಿ ಹೇಳಿ. ಹಳೆಯ ನುಡಿ ಫಾಂಟಿನ ಕಡತ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಬರಹವನ್ನು ಮೇಲ್‌ನ ಒಳಗೇ ಹಾಕಿ. ಪಿಡಿಎಫ್ ಮಾತ್ರ ಕಳಿಸಿದರೆ ಅವರು ಮತ್ತೆ ಟೈಪ್ ಮಾಡಬೇಕಾಗುತ್ತದೆ, ಹೆಸರು ತಪ್ಪುವುದು ಅಲ್ಲೇ. ಪುಟವಿನ್ಯಾಸಕ್ಕೆ ಫಾಂಟ್ ಪರಿವರ್ತಿಸುವಾಗ ಇನ್ನೊಂದು ಕಾಟ: ‘ಆಯಿಲ್‌ಮಿಲ್’ ಹೋಗಿ ‘ಆಯಿಲ್ಮಿಲ್’ ಆಗಿಬಿಡುತ್ತದೆ. ‘ಆಯಿಲ್ ಮಿಲ್’ ಎಂದು ನಡುವೆ ಜಾಗ ಬಿಟ್ಟು ಬರೆದರೆ ಉಳಿಯುತ್ತದೆ.

ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗುತ್ತದೆ. ಅಗಲ 1,500 ಪಿಕ್ಸೆಲ್‌ಗೆ ಕಡಿಮೆ ಬೇಡ. ಟೇಪ್ ಕತ್ತರಿಸುವ ಚಿತ್ರಕ್ಕಿಂತ ಗಾಣದ ಒರಳಿನಿಂದ ಎಣ್ಣೆ ಇಳಿಯುತ್ತಿರುವುದು, ಪಕ್ಕದಲ್ಲಿ ಕೆಲಸ ಮಾಡುವವರ ಮುಖ ಸ್ಪಷ್ಟವಾಗಿರುವುದು ಒಳ್ಳೆಯದು. ಎಡದಿಂದ ಬಲಕ್ಕೆ ಯಾರು ಯಾರು ಎಂದು ಚಿತ್ರದ ಜೊತೆಗೇ ಬರೆಯಿರಿ.

ಗಾಣದಮನೆ, ತಿಪಟೂರು

ಮಧುಮೇಹದ ಮಾತು ತೆಗೆಯಲೇಬೇಕೆ? ಗ್ರಾಹಕರೇ ಹೇಳಿದ್ದು. ಎಲ್ಲ ಪತ್ರಿಕೆಗೂ ಒಂದೇ ಮೇಲ್ ಸಾಕೆ?

ಲೇಬಲ್‌ಓದಿ

ತೆಗೆಯಲೇಬೇಕು. ಮಧುಮೇಹ ವಾಸಿಮಾಡುತ್ತದೆ ಎಂಬ ಜಾಹೀರಾತನ್ನು 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ತಡೆಯುತ್ತದೆ. ಆಹಾರದ ಮೇಲಿನ ಇಂಥ ಹೇಳಿಕೆಗಳಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳೂ ಇವೆ. ಗ್ರಾಹಕರ ಬಾಯಲ್ಲಿ ಹೇಳಿಸಿದರೂ ನಿಮ್ಮ ಪ್ರಕಟಣೆಯಲ್ಲಿ ಬಂದ ಮೇಲೆ ಅದು ನಿಮ್ಮದೇ ಹೇಳಿಕೆ. ‘ಸಾವಯವ’ ಎನ್ನಲು ಪ್ರಮಾಣಪತ್ರ ಬೇಕು. ‘ಶೇ 100 ಶುದ್ಧ’ದ ಬದಲು ‘ಬೇರೆ ಎಣ್ಣೆ ಬೆರೆಸಿಲ್ಲ, ರಿಫೈನ್ ಮಾಡಿಲ್ಲ’ ಎನ್ನಿ, ಕೇಳಿದರೆ ತೋರಿಸಲು ಪ್ರಯೋಗಾಲಯದ ವರದಿ ಕೈಯಲ್ಲಿರಲಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು ಸಂಪರ್ಕದ ಸಾಲಿನಲ್ಲಿ ಹಾಕಿ.

ಜಿಲ್ಲಾಪುಟ

ಒಂದೇ ಮೇಲ್‌ಗೆ ಇಪ್ಪತ್ತು ವಿಳಾಸ ಸೇರಿಸಬೇಡಿ, ಒಬ್ಬೊಬ್ಬರಿಗೂ ಬೇರೆ ಬೇರೆ. ತುಮಕೂರಿನಿಂದಲೇ ಹೊರಡುವ ಪ್ರಜಾಪ್ರಗತಿಗೂ ರಾಜ್ಯ ಪತ್ರಿಕೆಗಳ ಜಿಲ್ಲಾ ವರದಿಗಾರರಿಗೂ ಮಳಿಗೆಯ ಸುದ್ದಿ ಹೋಗಲಿ. ತಿಪಟೂರಿನ ತಾಲ್ಲೂಕು ವರದಿಗಾರರಿಗೆ ಮೊದಲ ಪ್ಯಾರಾವನ್ನೇ ಬದಲಿಸಿ. ಅಲ್ಲಿನ ಓದುಗರಿಗೆ ತುಮಕೂರಿನ ಅಂಗಡಿಯಿಂದ ಆಗಬೇಕಾದ್ದೇನೂ ಇಲ್ಲ, ಕೊಬ್ಬರಿಯನ್ನು ಯಾವ ದರಕ್ಕೆ, ಯಾವ ದಿನ ಕೊಳ್ಳುತ್ತೀರಿ ಎಂಬುದು ಬೇಕು.

ಆರಂಭಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ ಮೂರರೊಳಗೆ ಕಳಿಸಿ. ಸಂಜೆ ಪುಟ ಕಟ್ಟುವ ಗಡಿಬಿಡಿಯಲ್ಲಿ ಫೋನ್ ಮಾಡಬೇಡಿ. ಮರುದಿನ ಬೆಳಿಗ್ಗೆ ಹನ್ನೊಂದರ ಮೇಲೆ ಒಂದು ಸಲ ಮಾಡಿ, ‘ಹಾಕ್ತೀರಾ’ ಎನ್ನದೆ ‘ಇನ್ನೇನಾದರೂ ವಿವರ ಬೇಕಿತ್ತಾ’ ಎಂದು ಕೇಳಿ.